ನಡೆಯಲಾಗದವರು ಸೈಕಲ್ ತುಳಿದರು: ಮಿದುಳಿನ ಮಿಡಿತಕ್ಕೂ ಮೈಯ ಚಲನೆಗೂ ಏನು ನಂಟು?

ನೆದರ್‌ಲೆಂಡ್ಸ್‌ನ ನೈಮೇಗನ್ ನಗರದ ವೈದ್ಯರ ಬಳಿಗೆ ಬಂದಿದ್ದ ಆ ರೋಗಿಗೆ 58 ವರ್ಷ. ಹತ್ತು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಹೆಜ್ಜೆ ಎತ್ತಲು ಹೊರಟರೆ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗುತ್ತಿದ್ದವು. ಪರೀಕ್ಷಿಸುವವರು ತಮ್ಮ ಪಾದವನ್ನು ಗುರುತಿನಂತೆ ಮುಂದಿಟ್ಟಾಗ ಮಾತ್ರ ಒಂದೆರಡು ಎಳೆದಾಟದ ಹೆಜ್ಜೆಗಳು ಸಾಧ್ಯವಾಗುತ್ತಿದ್ದವು. ಅನಂತರ ಮುಗ್ಗರಿಸಿ ಬೀಳುವುದೇ. ನಿಂತಲ್ಲೇ ತಿರುಗುವ ಮಾತಂತೂ ಇರಲಿಲ್ಲ.

ಅದೇ ವ್ಯಕ್ತಿಯನ್ನು ಸೈಕಲ್ ಮೇಲೆ ಕೂರಿಸಲಾಯಿತು. ಅವರು ಸರಾಗವಾಗಿ ಪೆಡಲ್ ತುಳಿಯುತ್ತಾ, ಸಮತೋಲನ ತಪ್ಪದೆ, ತಿರುವಿನಲ್ಲಿ ತಿರುಗಿ ಹಿಂದಿರುಗಿದರು. ಸೈಕಲ್‌ನಿಂದ ಇಳಿದ ಮರುಕ್ಷಣವೇ ಕಾಲುಗಳು ಮತ್ತೆ ಹೆಪ್ಪುಗಟ್ಟಿದವು. ವೈದ್ಯರಾದ ಆಂಕೆ ಸ್ನೈಡರ್ಸ್ ಮತ್ತು ಬಾಸ್ಟಿಯಾನ್ ಬ್ಲೂಮ್ ಈ ಪ್ರಕರಣವನ್ನು ವಿಡಿಯೊ ಸಹಿತವಾಗಿ 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತಿನಾದ್ಯಂತ ನರರೋಗ ತಜ್ಞರು ಹುಬ್ಬೇರಿಸಿದರು.

ಕಾಲುಗಳು ಅವೇ, ಸ್ನಾಯುಗಳು ಅವೇ, ಮಿದುಳೂ ಅದೇ. ಒಂದು ಕೆಲಸಕ್ಕೆ ಒಲ್ಲೆನೆನ್ನುವ ಕಾಲು ಇನ್ನೊಂದಕ್ಕೆ ಒಪ್ಪುವುದು ಹೇಗೆ? ‘ಮಿದುಳು ಆಜ್ಞೆ ಕೊಡುತ್ತದೆ, ಸ್ನಾಯು ಪಾಲಿಸುತ್ತದೆ’ ಎಂದು ಶಾಲೆಯಲ್ಲಿ ಕಲಿತ ಪಾಠದಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕಳೆದ 150 ವರ್ಷಗಳಲ್ಲಿ ವಿಜ್ಞಾನಿಗಳು ಆ ಪಾಠವನ್ನು ತುಂಡುತುಂಡಾಗಿ ತಿದ್ದುತ್ತಲೇ ಬಂದಿದ್ದಾರೆ. ಪಾರ್ಶ್ವವಾಯು ಪೀಡಿತರು, ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು, ಪಾರ್ಕಿನ್ಸನ್ ರೋಗಿಗಳು ಇವರೆಲ್ಲರ ಚಿಕಿತ್ಸೆಯ ಭವಿಷ್ಯ ಈ ತಿದ್ದುಪಡಿಯನ್ನೇ ನೆಚ್ಚಿಕೊಂಡಿದೆ.

ಮನೆಯಲ್ಲಿ ನಡೆದ ಪ್ರಯೋಗ

ಕಥೆ ಆರಂಭವಾಗುವುದು 1870ರ ಬರ್ಲಿನ್‌ನಲ್ಲಿ. ಗುಸ್ತಾಫ್ ಫ್ರಿಚ್ ಮತ್ತು ಎಡ್ವರ್ಡ್ ಹಿಟ್ಸಿಗ್ ಎಂಬ ಇಬ್ಬರು ವೈದ್ಯರು ನಾಯಿಯ ಮಿದುಳಿನ ಹೊರಪದರಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ನೋಡಿದರು. ಪ್ರಯೋಗ ನಡೆದದ್ದು ಹಿಟ್ಸಿಗ್ ಅವರ ಮನೆಯಲ್ಲಿ, ಅದೂ ಅವರ ಪತ್ನಿಯ ಅಲಂಕಾರದ ಮೇಜಿನ ಮೇಲೆ ಎಂಬ ಪ್ರತೀತಿ ಇದೆ. ನಾಲಗೆಯ ತುದಿಗೆ ತಾಗಿಸಿದರೆ ತುಸು ಚುರುಕ್ ಎನ್ನುವಷ್ಟೇ ವಿದ್ಯುತ್ತು. ಒಂದು ಜಾಗಕ್ಕೆ ಮುಟ್ಟಿಸಿದರೆ ಮುಂಗಾಲು ಅದುರಿತು, ಪಕ್ಕದ ಜಾಗಕ್ಕೆ ಮುಟ್ಟಿಸಿದರೆ ಮುಖ ಅದುರಿತು. ಅದುರಿದ್ದು ದೇಹದ ಎದುರು ಬದಿ ಎಂಬುದು ಗಮನಾರ್ಹ. ಮಿದುಳಿನ ಎಡಭಾಗ ಬಲಗೈಯನ್ನೂ, ಬಲಭಾಗ ಎಡಗೈಯನ್ನೂ ನಡೆಸುತ್ತದೆ.

ಚಲನೆಗೆ ಸಂಬಂಧಿಸಿದ ಈ ಪಟ್ಟಿಯನ್ನು ಚಲನವಲಯ ಎನ್ನಬಹುದು. ಎರಡೂ ಕಿವಿಗಳಿಗೆ ಹೆಡ್‌ಫೋನ್ ಹಾಕಿಕೊಂಡಾಗ ಅದರ ಪಟ್ಟಿ ತಲೆಯ ಮೇಲೆ ಎಲ್ಲಿ ಹಾಯುತ್ತದೆಯೋ, ಸುಮಾರಾಗಿ ಅದರ ಕೆಳಗೆ ಇದು ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೂರ್ಛೆರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ವೈಲ್ಡರ್ ಪೆನ್‌ಫೀಲ್ಡ್, ರೋಗಿಗಳು ಎಚ್ಚರವಾಗಿರುವಾಗಲೇ ಈ ಪಟ್ಟಿಯ ಒಂದೊಂದು ಬಿಂದುವನ್ನೂ ವಿದ್ಯುತ್ತಿನಿಂದ ಕೆಣಕಿ ನೋಡಿದರು. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲವಾದ್ದರಿಂದ ತಲೆಬುರುಡೆಯ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟರೆ ಸಾಕಾಗುತ್ತಿತ್ತು. 1937ರಲ್ಲಿ ಅವರೂ ಎಡ್ವಿನ್ ಬೋಲ್ಡ್ರಿಯವರೂ ಪ್ರಕಟಿಸಿದ ನಕ್ಷೆಯಲ್ಲಿ ನೆತ್ತಿಯ ಬಳಿ ಕಾಲು, ಕೆಳಗೆ ಬಂದಂತೆ ಕೈ, ಕಿವಿಯ ಕಡೆಗೆ ಮುಖ ಮತ್ತು ನಾಲಗೆ ಇದ್ದವು. ದಪ್ಪ ತುಟಿ, ಭಾರೀ ಹೆಬ್ಬೆರಳು, ಸಣಕಲು ಮೈಯ ಆ ವಿಚಿತ್ರ ಕುಳ್ಳನ ಚಿತ್ರ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳ ಪುಸ್ತಕದಲ್ಲಿದೆ.

ನಕ್ಷೆ ಉಪಯುಕ್ತ, ಆದರೆ ಅದು ಒಂದು ತಪ್ಪು ಕಲ್ಪನೆಯನ್ನೂ ಬಿತ್ತಿತು. ಚಲನವಲಯವೆಂದರೆ ಹಾರ್ಮೋನಿಯಂ ಮನೆಗಳಂತೆ, ಒಂದನ್ನು ಒತ್ತಿದರೆ ಒಂದು ಸ್ನಾಯು ಕುಣಿಯುತ್ತದೆ ಎಂದು ಬಹುಮಂದಿ ನಂಬಿದರು. ಈ ನಕ್ಷೆಗೆ ದೊಡ್ಡ ತಿದ್ದುಪಡಿ ಬಂದದ್ದು 2023ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಸ್ಕ್ಯಾನಿಂಗ್ ಮೂಲಕ ನೋಡಿದಾಗ ಕಾಲು, ಕೈ ಮತ್ತು ಬಾಯಿಯ ತಾಣಗಳ ನಡುನಡುವೆ ಯಾವ ಒಂದು ಅಂಗಕ್ಕೂ ಸೇರದ ಮೂರು ತಾಣಗಳು ಕಂಡವು. ಇವು ಒಂದಕ್ಕೊಂದು ಬೆಸೆದುಕೊಂಡಿದ್ದವು. ಯೋಜನೆ ಹಾಕುವ ಮಿದುಳಿನ ಜಾಲಗಳೊಂದಿಗೂ ಅವುಗಳಿಗೆ ಸಂಪರ್ಕವಿತ್ತು. ಒಟ್ಟು ಮೈಯನ್ನು ಒಂದು ಕೆಲಸಕ್ಕೆ ಅಣಿಗೊಳಿಸುವುದು ಇವುಗಳ ಪಾಲಿನದಿರಬಹುದು ಎಂಬುದು ಆ ತಂಡದ ಅಭಿಪ್ರಾಯ.

ಸುತ್ತಿಗೆಯ ಪೆಟ್ಟು ಹೇಳಿದ್ದು

ಹಾರ್ಮೋನಿಯಂ ಕಲ್ಪನೆಗೆ ಮೊದಲ ಪೆಟ್ಟು ಬಿದ್ದದ್ದು ಪ್ರಯೋಗಾಲಯದಿಂದಲ್ಲ, ಕಾರ್ಮಿಕರ ಕೈಯಿಂದ. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರೀಯ ಕಾರ್ಮಿಕ ಸಂಸ್ಥೆಯಲ್ಲಿದ್ದ ನಿಕೊಲಾಯ್ ಬರ್ನ್‌ಸ್ಟೀನ್ ಉಳಿಗೆ ಸುತ್ತಿಗೆಯಿಂದ ಹೊಡೆಯುವ ಅನುಭವಿ ಕೆಲಸಗಾರರನ್ನು ವಿಶೇಷ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಸುತ್ತಿಗೆಯ ತುದಿ ಪ್ರತಿ ಬಾರಿಯೂ ಬಹುಮಟ್ಟಿಗೆ ಅದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಸಾಗಿದ ದಾರಿ ಒಂದು ಬಾರಿಯಂತೆ ಇನ್ನೊಂದು ಬಾರಿ ಇರಲಿಲ್ಲ. ಭುಜ ತುಸು ಹೆಚ್ಚು ಚಾಚಿದರೆ ಮಣಿಕಟ್ಟು ತುಸು ಕಡಿಮೆ ಮಾಡಿ ಸರಿದೂಗಿಸುತ್ತಿತ್ತು.

ಮನೆಯಂಗಳದಲ್ಲಿ ದಿನವೂ ರಂಗೋಲಿ ಇಡುವ ಗೃಹಿಣಿಯನ್ನು ಗಮನಿಸಿದರೆ ಇದು ಅರ್ಥವಾದೀತು. ಎಳೆ ತಪ್ಪುವುದಿಲ್ಲ, ಆದರೆ ಕೈ ಪ್ರತಿದಿನ ಒಂದೇ ರೀತಿ ಆಡುವುದೂ ಇಲ್ಲ. ಪ್ರತಿ ಸ್ನಾಯುವಿಗೂ ಪ್ರತ್ಯೇಕ ಸಿದ್ಧ ಆಜ್ಞೆ ಇದ್ದಿದ್ದರೆ ಹೀಗಾಗುವುದು ಸಾಧ್ಯವಿರಲಿಲ್ಲ. ಗುರಿ ಸ್ಥಿರ, ದಾರಿ ಅಸ್ಥಿರ. ಹಾಗಾದರೆ ಮಿದುಳಿನ ಕೋಶಗಳು ಬರೆದಿಟ್ಟುಕೊಳ್ಳುವುದು ಏನನ್ನು, ಗುರಿಯನ್ನೋ ದಾರಿಯನ್ನೋ ಸ್ನಾಯುವನ್ನೋ?

1960ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಎವಾರ್ಟ್ಸ್ ಎಚ್ಚರವಿರುವ ಕೋತಿಯ ಚಲನವಲಯಕ್ಕೆ ಕೂದಲಿನಷ್ಟು ತೆಳುವಾದ ತಂತಿ ಇಳಿಸಿ, ಒಂದೊಂದೇ ನರಕೋಶದ ಮಿಡಿತವನ್ನು ದಾಖಲಿಸತೊಡಗಿದರು. ಕೈ ಅಲುಗುವ ಮೊದಲೇ ಕೋಶ ಮಿಡಿಯತೊಡಗುತ್ತಿತ್ತು. ಅನೇಕ ಕೋಶಗಳ ಮಿಡಿತದ ವೇಗ ಕೈ ಎಲ್ಲಿದೆ ಎಂಬುದಕ್ಕಿಂತ ಎಷ್ಟು ಬಲ ಹಾಕಬೇಕು ಎಂಬುದಕ್ಕೆ ಹೊಂದುತ್ತಿತ್ತು. ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ 1982ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಪೊಸ್ತೊಲೊಸ್ ಜಾರ್ಜೊಪೌಲೊಸ್ ಬೇರೆಯದೇ ಚಿತ್ರ ಕೊಟ್ಟರು. ಕೋತಿ ನಡುವಿನ ಬಿಂದುವಿನಿಂದ ಎಂಟು ದಿಕ್ಕುಗಳಿಗೆ ಕೈ ಚಾಚುವಾಗ ಪ್ರತಿ ಕೋಶಕ್ಕೂ ಒಂದು ಅಚ್ಚುಮೆಚ್ಚಿನ ದಿಕ್ಕಿರುವುದು ಕಂಡಿತು. ಆ ದಿಕ್ಕಿಗೆ ಕೈ ಹೋದರೆ ಮಿಡಿತ ಜೋರು, ಪಕ್ಕಕ್ಕೆ ಸರಿದಂತೆ ಕಡಿಮೆ, ವಿರುದ್ಧ ದಿಕ್ಕಿಗೆ ಅತಿ ಕಡಿಮೆ.

ಒಂದೇ ಕೋಶವನ್ನು ಕೇಳಿದರೆ ಉತ್ತರ ಅಸ್ಪಷ್ಟ. ನೂರಾರು ಕೋಶಗಳನ್ನು ಒಟ್ಟಿಗೆ ಕೇಳಿದರೆ? ಗ್ರಾಮಸಭೆಯಲ್ಲಿ ಕೈ ಎತ್ತಿಸಿದ ಹಾಗೆ, ಪ್ರತಿ ಕೋಶದ ಒಲವನ್ನೂ ಅದರ ಮಿಡಿತದ ಜೋರಿನಿಂದ ತೂಗಿ ಒಟ್ಟುಗೂಡಿಸಿದಾಗ ಕೈ ಯಾವ ಕಡೆ ಹೋಗಲಿದೆ ಎಂಬುದು ಚೆನ್ನಾಗಿಯೇ ತಿಳಿಯಿತು. 1986ರಲ್ಲಿ ಇದು ಪ್ರಕಟವಾಯಿತು. ಮಿದುಳಿನ ಸಂಕೇತವನ್ನು ಕಂಪ್ಯೂಟರಿಗೆ ಜೋಡಿಸುವ ಇಂದಿನ ಉಪಕರಣಗಳ ತಾಯಿಬೇರು ಇಲ್ಲಿದೆ.

ಅರ್ಧ ಸೆಕೆಂಡಿನ ವ್ಯತ್ಯಾಸ

ಈ ಪ್ರಯೋಗಗಳಲ್ಲಿ ಒಂದು ಕೊರತೆ ಇತ್ತು. ಕುರ್ಚಿಗೆ ಕಟ್ಟಿದ ಕೋತಿ ಸನ್ನೆಗೋಲನ್ನು ಅತ್ತಿತ್ತ ಸರಿಸುತ್ತಿತ್ತು. ಕಾಡಿನಲ್ಲಿ ಯಾವ ಕೋತಿಯೂ ಆ ಕೆಲಸ ಮಾಡುವುದಿಲ್ಲ. ಸಹಜ ಚಲನೆಯಲ್ಲಿ ಹಣ್ಣು ಕೀಳುವುದಿದೆ, ಬಾಯಿಗೆ ಹಾಕುವುದಿದೆ, ಕೊಂಬೆ ಹಿಡಿಯುವುದಿದೆ, ಮುಖಕ್ಕೆ ಬರುವ ಪೆಟ್ಟನ್ನು ತಡೆಯುವುದಿದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ಗ್ರಾಜಿಯಾನೊ ಮತ್ತು ಸಂಗಡಿಗರು 2002ರಲ್ಲಿ ಮಾಡಿದ ಬದಲಾವಣೆ ನೋಡಲು ಬಹಳ ಚಿಕ್ಕದು. ಆವರೆಗೆ ವಿದ್ಯುತ್ತನ್ನು ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಕೊಟ್ಟು ಸ್ನಾಯು ಅದುರುವುದನ್ನು ನೋಡುವುದು ವಾಡಿಕೆ. ಇವರು ಅರ್ಧ ಸೆಕೆಂಡ್ ಕೊಟ್ಟರು. ಕೈ ಚಾಚಿ ಏನನ್ನಾದರೂ ಹಿಡಿಯಲು ಸಹಜವಾಗಿ ಬೇಕಾಗುವ ಕಾಲ ಅಷ್ಟೇ.

ಫಲಿತಾಂಶ ಅದುರುವಿಕೆಯಲ್ಲ, ಪೂರ್ಣ ಕ್ರಿಯೆ! ಒಂದು ತಾಣಕ್ಕೆ ವಿದ್ಯುತ್ ಹರಿಸಿದಾಗ ಕೋತಿಯ ಬೆರಳುಗಳು ತುತ್ತು ಹಿಡಿದಂತೆ ಮಡಚಿದವು, ಕೈ ಬಾಯಿಯತ್ತ ಏರಿತು, ಬಾಯಿ ತೆರೆಯಿತು. ಕೈ ಮೊದಲು ಎಲ್ಲಿದ್ದರೂ ಕೊನೆಗೆ ಬಾಯಿಯ ಬಳಿಗೇ ಬಂತು. ಇನ್ನೊಂದು ತಾಣದಲ್ಲಿ ಮುಖ ಮುಚ್ಚಿಕೊಳ್ಳುವ ರಕ್ಷಣೆಯ ಭಂಗಿ, ಮತ್ತೊಂದರಲ್ಲಿ ಎದೆಯ ಮುಂದೆ ವಸ್ತು ಹಿಡಿದು ನೋಡುವಂತಹ ಭಂಗಿ. ರಾಗಿಮುದ್ದೆಯ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುವಾಗ ಹತ್ತಾರು ಸ್ನಾಯುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮಿದುಳು ಕೂಡ ಸ್ನಾಯುಗಳ ಪಟ್ಟಿಯನ್ನಲ್ಲ, ಬದುಕಿಗೆ ಬೇಕಾದ ಕ್ರಿಯೆಗಳನ್ನು ಜೋಡಿಸಿಟ್ಟುಕೊಂಡಿದೆ ಎಂಬುದು ಗ್ರಾಜಿಯಾನೊ ವಾದ.

ಎಲ್ಲರೂ ಇದನ್ನು ಒಪ್ಪಿಲ್ಲ. ಅಷ್ಟು ದೀರ್ಘವಾಗಿ ವಿದ್ಯುತ್ ಹರಿಸಿದರೆ ಅದು ಅಕ್ಕಪಕ್ಕದ ಕೋಶಗಳಿಗೂ ಹಬ್ಬುತ್ತದೆ, ಆದುದರಿಂದ ಕಂಡದ್ದು ಆ ತಾಣದ ಗುಣವೆನ್ನಲಾಗದು ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೂ ಚಲನೆಯನ್ನು ಅದರ ಸಹಜ ಕಾಲಾವಧಿಯಲ್ಲಿ ನೋಡಬೇಕೆಂಬ ಪಾಠವನ್ನು ಈ ಪ್ರಯೋಗ ಕಲಿಸಿತು.

ಉಯ್ಯಾಲೆಯಂತೆ ತೂಗುವ ಕೋಶಗಳು

ನೂರಾರು ಕೋಶಗಳನ್ನು ಒಟ್ಟಿಗೆ ಆಲಿಸುವ ತಂತ್ರಜ್ಞಾನ ಬಂದ ಮೇಲೆ ಪ್ರಶ್ನೆಯ ಧಾಟಿಯೇ ಬದಲಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃಷ್ಣ ಶೆಣೈ, ಮಾರ್ಕ್ ಚರ್ಚ್‌ಲ್ಯಾಂಡ್ ಮತ್ತಿತರರು 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಶೆಣೈ 2023ರಲ್ಲಿ ನಿಧನರಾದರು.

ಕೈ ಚಾಚುವಾಗ ಒಂದು ಕೋಶದ ಮಿಡಿತ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಸಂತೆಯ ಗದ್ದಲ. ಆದರೆ ಎಲ್ಲ ಕೋಶಗಳನ್ನೂ ಒಟ್ಟುಗೂಡಿಸಿ, ಗಣಿತದ ನೆರವಿನಿಂದ ಆ ಗುಂಪಿನ ಸ್ಥಿತಿಯನ್ನು ಒಂದು ಚುಕ್ಕೆಯಾಗಿ ಗುರುತಿಸಿದರೆ, ಕ್ಷಣಕ್ಷಣಕ್ಕೂ ಸಾಗುವ ಆ ಚುಕ್ಕೆ ಸುತ್ತು ಹಾಕುತ್ತಿತ್ತು. ಕೈ ಹೋದದ್ದು ನೇರ, ಮಿದುಳಿನ ಚಿತ್ರ ತಿರುಗಿದ್ದು ದುಂಡಗೆ. ಈಜುವ ಜಿಗಣೆಯ ನರಕೋಶಗಳಲ್ಲೂ ನಡೆಯುವ ಕೋತಿಯ ಮಿದುಳಿನಲ್ಲೂ ಇದೇ ಬಗೆಯ ಸುತ್ತು ಕಾಣುತ್ತದೆ ಎಂದು ಅವರು ಹೋಲಿಸಿ ತೋರಿಸಿದರು. ಈಜು, ನಡಿಗೆಗಳಲ್ಲಿ ಲಯವಿರುವುದು ಸಹಜ. ಲಯವೇ ಇಲ್ಲದ ಒಂದೇ ಬಾರಿಯ ಕೈಚಾಚಿಗೂ ಒಳಗಿನಿಂದ ಲಯದ ಆಸರೆ ಇದೆ ಎಂಬುದು ಅಚ್ಚರಿಯ ಸಂಗತಿ.

ಉಯ್ಯಾಲೆಯನ್ನು ನೆನೆಯಿರಿ. ಅದನ್ನು ಹಿಂದಕ್ಕೆ ಎಷ್ಟು ಎಳೆದು ಬಿಡುತ್ತೀರಿ, ಯಾವ ಕಡೆಗೆ ಬಿಡುತ್ತೀರಿ ಎಂಬುದು ನಿರ್ಧಾರವಾದರೆ ಮುಂದಿನ ತೂಗಾಟ ತಾನಾಗಿ ನಡೆಯುತ್ತದೆ. ಮಿದುಳಿನ ಸಿದ್ಧತೆ ಈ ಹಿಂದಕ್ಕೆ ಎಳೆಯುವಿಕೆ. ಚಲನೆ ಎಂದರೆ ಕೈಬಿಟ್ಟ ಮೇಲಿನ ತೂಗಾಟ.

ಇಲ್ಲೊಂದು ಸಂಶಯ ಏಳಬಹುದು. ಸಿದ್ಧತೆಯ ಸಮಯದಲ್ಲೂ ಅದೇ ಕೋಶಗಳು ಮಿಡಿಯುತ್ತವೆ, ಹಾಗಿದ್ದೂ ಕೈ ಏಕೆ ಅಲುಗುವುದಿಲ್ಲ? ಇದಕ್ಕೆ ಅದೇ ತಂಡ 2014ರಲ್ಲಿ ಉತ್ತರ ಕೊಟ್ಟಿತು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲದಿಂದ ಎಳೆದರೆ ಬೆವರು ಹರಿಯುತ್ತದೆಯೇ ಹೊರತು ಹಗ್ಗ ಸರಿಯುವುದಿಲ್ಲ. ಸಿದ್ಧತೆಯಲ್ಲಿ ಕೋಶಗಳು ಏರಿಳಿಯುವುದು ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುವ ರೀತಿಯಲ್ಲಿ. ಒಳಗೆ ಭರಾಟೆ, ಸ್ನಾಯುವಿಗೆ ತಲಪುವ ಒಟ್ಟು ಮೊತ್ತ ಮಾತ್ರ ಬದಲಾಗುವುದಿಲ್ಲ. ಓಟದ ಸ್ಪರ್ಧೆಯಲ್ಲಿ ಪಿಸ್ತೂಲಿನ ಸದ್ದಿಗೆ ಕಾದು ಕುಳಿತ ಓಟಗಾರನ ತಲೆಯೊಳಗೆ ಆಗುತ್ತಿರುವುದು ಇಂಥದ್ದೇ ಇರಬೇಕು. ಸುತ್ತು ಹಾಕುವ ಚುಕ್ಕೆ ನಿಜವಾಗಿ ಮಿದುಳಿನದೋ ಅಥವಾ ಲೆಕ್ಕಾಚಾರದ ವಿಧಾನದಿಂದ ಹುಟ್ಟಿದ್ದೋ ಎಂಬ ತಕರಾರು ಕೆಲವು ವಿಜ್ಞಾನಿಗಳಿಂದ ಬಂದಿದೆ, ಚರ್ಚೆ ಇನ್ನೂ ಮುಗಿದಿಲ್ಲ.

ಬರೆಯದೆ ಬರೆದ ಅಕ್ಷರ

ಸಿದ್ಧಾಂತ ಏನೇ ಇರಲಿ, ಅದರ ಪ್ರಯೋಜನವೇನು ಎಂಬುದು ಕೈಕಾಲು ಕಳೆದುಕೊಂಡವರ ಪ್ರಶ್ನೆ. 2006ರಲ್ಲಿ ಅಮೆರಿಕದ ಬ್ರೇನ್‌ಗೇಟ್ ತಂಡ, ಕುತ್ತಿಗೆಯ ಬಳಿ ಬೆನ್ನುಹುರಿ ತುಂಡಾಗಿದ್ದ 25 ವರ್ಷದ ಯುವಕನ ಚಲನವಲಯದಲ್ಲಿ 96 ಎಲೆಕ್ಟ್ರೋಡ್‌ಗಳ ಪುಟ್ಟ ಚಿಪ್ ಇಟ್ಟ ವರದಿ ಪ್ರಕಟಿಸಿತು. ಚಿಪ್‌ನ ಅಳತೆ 4 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಕೈ ಅಲುಗಿಸಲಾಗದೆ ಮೂರು ವರ್ಷ ಕಳೆದಿದ್ದರೂ, ಅಲುಗಿಸಬೇಕೆಂದು ಬಯಸಿದಾಗ ಆ ಕೋಶಗಳು ಮಿಡಿದವು, ಕಂಪ್ಯೂಟರ್ ಪರದೆಯ ಕರ್ಸರ್ ಸರಿಯಿತು. 2012ರಲ್ಲಿ ಪಾರ್ಶ್ವವಾಯುವಿನಿಂದ ಕೈಕಾಲು ಮತ್ತು ಮಾತು ಕಳೆದುಕೊಂಡು ಸುಮಾರು 15 ವರ್ಷ ಕಳೆದಿದ್ದ ಮಹಿಳೆಯೊಬ್ಬರು ಯೋಚನೆಯಿಂದಲೇ ಯಂತ್ರದ ತೋಳನ್ನು ನಡೆಸಿ ಬಾಟಲಿಯಿಂದ ಕಾಫಿ ಹೀರಿದರು. ಆರು ಪ್ರಯತ್ನಗಳಲ್ಲಿ ನಾಲ್ಕು ಯಶಸ್ವಿಯಾದವು. ಸಂಖ್ಯೆಗಿಂತ ಆ ಗುಟುಕು ದೊಡ್ಡದು.

ಆದರೆ ಕರ್ಸರನ್ನು ಒಂದೊಂದೇ ಅಕ್ಷರದ ಮೇಲೆ ಒಯ್ದು ಒತ್ತುವುದು ತೀರಾ ನಿಧಾನ. ಅತಿ ಚುರುಕಿನವರಿಗೂ ನಿಮಿಷಕ್ಕೆ 40 ಅಕ್ಷರ ದಾಟುತ್ತಿರಲಿಲ್ಲ. ಆಗ ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ ವಿಲೆಟ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. 2007ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ 65 ವರ್ಷದ ವ್ಯಕ್ತಿಗೆ, ಪೆನ್ನು ಹಿಡಿದು ಗೆರೆ ಹಾಕಿದ ಕಾಗದದ ಮೇಲೆ ಬರೆಯುತ್ತಿದ್ದೇನೆ ಎಂದು ಭಾವಿಸಿ ಪ್ರಯತ್ನಿಸಲು ಹೇಳಿದರು. ಕೈ ಅಲುಗಲಿಲ್ಲವೆಂದೇ ಹೇಳಬೇಕು. ಆದರೆ ಮಿದುಳಿನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಆದ ಮಿಡಿತದ ವಿನ್ಯಾಸ ಮೂಡಿತು. ಅದನ್ನು ಓದಿದ ಕಂಪ್ಯೂಟರ್ ನಿಮಿಷಕ್ಕೆ 90 ಅಕ್ಷರಗಳನ್ನು ಶೇ. 94ರಷ್ಟು ಸರಿಯಾಗಿ ಪರದೆಗೆ ತಂದಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ಗುಟ್ಟು ಕುತೂಹಲಕರ. ನೇರ ಗೆರೆಯ ಚಲನೆಗಳು ಸರಳವೆನಿಸಿದರೂ ಅವುಗಳ ಮಿಡಿತಗಳು ಒಂದನ್ನೊಂದು ಹೋಲುತ್ತವೆ. ಬಾಗಿ ಬಳುಕುವ ಬರವಣಿಗೆಯಲ್ಲಿ ವೇಗವೂ ದಿಕ್ಕೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಒಂದು ಅಕ್ಷರದ ಮಿಡಿತ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿರುತ್ತದೆ. ಯಂತ್ರಕ್ಕೆ ಅನುಕೂಲವಾದದ್ದು ಮನುಷ್ಯ ಬಾಲ್ಯದಲ್ಲಿ ತಿದ್ದಿ ಕಲಿತ ಸಹಜ ಚಲನೆಯೇ ಹೊರತು ಯಂತ್ರಕ್ಕಾಗಿ ಕಟ್ಟಿದ ಸರಳ ಚಲನೆಯಲ್ಲ.

ಅಡೆತಡೆಗಳೂ ಕಡಿಮೆಯಿಲ್ಲ. ಚಿಪ್ ಇಡಲು ತಲೆಬುರುಡೆ ತೆರೆಯಬೇಕು. ವರ್ಷಗಳು ಕಳೆದಂತೆ ಸಂಕೇತ ಕ್ಷೀಣಿಸುವುದುಂಟು. ದಿನದಿಂದ ದಿನಕ್ಕೆ ಮಿಡಿತದ ವಿನ್ಯಾಸ ತುಸು ಸರಿಯುವುದರಿಂದ ಯಂತ್ರಕ್ಕೆ ಮತ್ತೆ ಮತ್ತೆ ಪಾಠ ಹೇಳಬೇಕಾಗುತ್ತದೆ. ಪ್ರಯೋಗಕ್ಕೆ ಒಪ್ಪಿದವರಿಗೆ ಪ್ರಯೋಗ ಮುಗಿದ ಮೇಲೆ ಆ ಸೌಲಭ್ಯ ಉಳಿಯುತ್ತದೆಯೇ ಎಂಬುದೂ ಸಣ್ಣ ಪ್ರಶ್ನೆಯಲ್ಲ.

ತಿಂಡಿ ತಿನ್ನುವಾಗ, ಫೋನ್ ಎತ್ತುವಾಗ

ಪ್ರಯೋಗಾಲಯದಲ್ಲಿ ಹೇಳಿದಂತೆ ಕೈ ಚಾಚುವವನ ಮಿದುಳಿಗೂ, ಮನೆಯಲ್ಲಿ ತೋಚಿದಂತೆ ಕೈ ಆಡಿಸುವವನ ಮಿದುಳಿಗೂ ವ್ಯತ್ಯಾಸವಿದೆಯೇ? ಇದನ್ನು ಮನುಷ್ಯರಲ್ಲಿ ಪರಿಶೀಲಿಸಲು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಒಂದು ಅವಕಾಶ ದೊರಕಿತು. ತೀವ್ರ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು, ರೋಗದ ಮೂಲ ಹುಡುಕಲು ಮಿದುಳಿನ ಮೇಲ್ಮೈಗೆ ಎಲೆಕ್ಟ್ರೋಡ್ ಹಾಸಿ ರೋಗಿಯನ್ನು ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ರೋಗಿಗಳು ಊಟ ಮಾಡುತ್ತಾರೆ, ಬಂದವರೊಂದಿಗೆ ಹರಟುತ್ತಾರೆ, ಫೋನ್ ನೋಡುತ್ತಾರೆ. ಕೋಣೆಯ ಕ್ಯಾಮೆರಾ ಅವರ ಮಣಿಕಟ್ಟಿನ ಚಲನೆಯನ್ನು ಗುರುತಿಸುತ್ತಾ ಹೋದರೆ, ಅದೇ ಹೊತ್ತಿನ ಮಿದುಳಿನ ದಾಖಲೆಯೊಂದಿಗೆ ತಾಳೆ ನೋಡಬಹುದು. ಹೀಗೆ 12 ಮಂದಿಯಿಂದ ಒಟ್ಟು 55 ದಿನಗಳ ದಾಖಲೆ ಸಂಗ್ರಹವಾಯಿತು. 2022ರಲ್ಲಿ ಅದನ್ನು ಎಲ್ಲ ಸಂಶೋಧಕರಿಗೂ ಮುಕ್ತಗೊಳಿಸಲಾಯಿತು.

ಕೈ ಚಲಿಸುವ ಹೊತ್ತಿಗೆ ಮಿದುಳಿನ ನಿಧಾನದ ಅಲೆಗಳು ತಗ್ಗುತ್ತವೆ, ವೇಗದ ಅಲೆಗಳು ಏರುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಮೊದಲೇ ತಿಳಿದಿತ್ತು. ಸಹಜ ಚಲನೆಯಲ್ಲೂ ಅದೇ ಕಂಡಿತು. ಅಲ್ಲಿಯವರೆಗೆ ಸಮಾಧಾನ. ಆದರೆ ಒಂದು ಬಾರಿಗೂ ಇನ್ನೊಂದು ಬಾರಿಗೂ ಇರುವ ಏರುಪೇರು ಬಹಳವಾಗಿತ್ತು. ಬರ್ನ್‌ಸ್ಟೀನ್ ಅವರ ಸುತ್ತಿಗೆಯ ಕೈಯಂತೆ ಮಿದುಳೂ ಒಂದೇ ಕೆಲಸವನ್ನು ಪ್ರತಿ ಬಾರಿ ಒಂದೇ ರೀತಿ ಮಾಡುವುದಿಲ್ಲ. ಪ್ರಯೋಗಾಲಯದಲ್ಲಿ ಪಳಗಿದ ಯಂತ್ರ ಅಡುಗೆಮನೆಗೆ ಬಂದಾಗ ಕೈಕೊಡುವ ಅಪಾಯ ಇರುವುದು ಇಲ್ಲಿಯೇ.

ಏಣಿಯ ಮೇಲಿನ ಬೆಕ್ಕು

ಇಷ್ಟೆಲ್ಲ ಹೇಳಿದ್ದು ಕೈಯ ಕಥೆ. ನಡಿಗೆಯ ವಿಚಾರಕ್ಕೆ ಬಂದರೆ ಚಲನವಲಯದ ಅಧಿಕಾರ ಅಷ್ಟು ನಿರಂಕುಶವಲ್ಲ. ಹೆಜ್ಜೆಯ ಮೂಲ ಲಯ ಬೆನ್ನುಹುರಿಯಲ್ಲೇ ಹುಟ್ಟುತ್ತದೆ ಎಂಬುದನ್ನು ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲೇ ತೋರಿಸಿದ್ದರು. ಚಲನವಲಯ ಹಾನಿಗೊಂಡ ಬೆಕ್ಕು ಸಮತಟ್ಟು ನೆಲದ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಅಡ್ಡಪಟ್ಟಿಗಳ ಏಣಿಯ ಮೇಲೆ ಬಿಟ್ಟರೆ ಕಾಲು ತಪ್ಪುತ್ತದೆ. ಎಲ್ಲಿ ಕಾಲಿಡಬೇಕೆಂದು ನೋಡಿ ನಿರ್ಧರಿಸುವಾಗ ಮಾತ್ರ ಅದಕ್ಕೆ ಆ ವಲಯ ಅನಿವಾರ್ಯ. 2015ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇಲಿಗಳಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡರು. ಸನ್ನೆಕೋಲನ್ನು ನಿಗದಿತ ಅಂತರದಲ್ಲಿ ಎರಡು ಬಾರಿ ಒತ್ತುವ ವಿದ್ಯೆ ಕಲಿತ ಇಲಿಗಳು ಚಲನವಲಯ ಕಳೆದುಕೊಂಡ ಮೇಲೂ ಅದನ್ನು ಮರೆಯಲಿಲ್ಲ. ಮೊದಲೇ ಕಳೆದುಕೊಂಡ ಇಲಿಗಳು ಅದನ್ನು ಕಲಿಯಲೇ ಇಲ್ಲ. ಕಲಿಸುವ ಗುರು ಒಬ್ಬ, ಕಲಿತದ್ದನ್ನು ನಡೆಸುವವನು ಮತ್ತೊಬ್ಬ! ಮನುಷ್ಯರಲ್ಲಿ ಹೀಗೆಂದು ಹೇಳಲಾಗದು, ಚಲನವಲಯಕ್ಕೆ ರಕ್ತ ನಿಂತರೆ ಕೈಕಾಲು ಬೀಳುವುದನ್ನು ಎಲ್ಲರೂ ಕಂಡಿದ್ದಾರೆ.

2023ರಲ್ಲಿ ಸ್ವಿಟ್ಜರ್‌ಲೆಂಡ್‌ನ ಸಂಶೋಧಕರು ಈ ಹಂಚಿಕೆಯನ್ನು ಬಳಸಿಕೊಂಡರು. ಬೆನ್ನುಹುರಿಗೆ ಪೆಟ್ಟಾಗಿದ್ದ ವ್ಯಕ್ತಿಯೊಬ್ಬರ ಮಿದುಳಿನ ಮೇಲ್ಮೈಯಿಂದ ಸಂಕೇತ ಹಿಡಿದು, ಪೆಟ್ಟಾದ ಜಾಗವನ್ನು ದಾಟಿಸಿ, ಕೆಳಗಿನ ಬೆನ್ನುಹುರಿಗೆ ಮುಟ್ಟಿಸಿದರು. ಅವರು ನಿಂತರು, ನಡೆದರು, ಮೆಟ್ಟಿಲು ಹತ್ತಿದರು.

ಮತ್ತೆ ಸೈಕಲ್‌ನ ಬಳಿಗೆ

ನೈಮೇಗನ್‌ನ ರೋಗಿಯ ಒಗಟನ್ನು ಬಿಡಿಸಲು ಇನ್ನೊಂದು ಅಂಶ ತಿಳಿಯಬೇಕು. ಮಿದುಳಿನ ಆಳದಲ್ಲಿರುವ ನರಗಂಟುಗಳು ಮತ್ತು ಚಲನವಲಯದ ನಡುವೆ ಸೆಕೆಂಡಿಗೆ ಸುಮಾರು 13ರಿಂದ 30 ಬಾರಿ ಏರಿಳಿಯುವ ಅಲೆಯೊಂದಿದೆ. ಇದಕ್ಕೆ ಬೀಟಾ ಅಲೆ ಎಂದು ಹೆಸರು. ಸುಮ್ಮನೆ ಕುಳಿತಾಗ ಅದು ಜೋರು. ಚಲಿಸುವ ಮುನ್ನ ತಗ್ಗುತ್ತದೆ, ಚಲನೆ ಮುಗಿದೊಡನೆ ಮತ್ತೆ ಪುಟಿದೇಳುತ್ತದೆ. ‘ಇದ್ದಂತೆಯೇ ಇರು’ ಎಂಬ ಸಂದೇಶ ಅದರದು ಎಂದು ಅನೇಕ ತಜ್ಞರು ಭಾವಿಸುತ್ತಾರೆ. ಗಾಡಿ ಹೊರಡಬೇಕಾದರೆ ಬ್ರೇಕ್ ಸಡಿಲವಾಗಬೇಕು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತವೆ. ಆಗ ಈ ಬ್ರೇಕ್ ಸಡಿಲವಾಗುವುದು ಕಷ್ಟ. ಲೆವೊಡೋಪಾ ಮಾತ್ರೆ ಕೊಟ್ಟಾಗಲೂ, ಆಳಕ್ಕೆ ತಂತಿ ಇಳಿಸಿ ವಿದ್ಯುತ್ ನೀಡಿದಾಗಲೂ ಬೀಟಾ ತಗ್ಗುತ್ತದೆ, ರೋಗಿಯ ಬಿಗಿತವೂ ಇಳಿಯುತ್ತದೆ. ತಂತಿಯ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ದೇಶದಲ್ಲೂ ನಡೆಯುತ್ತಿದೆ. ರೋಗಿಯ ಅಲೆಗಳನ್ನು ತಾನೇ ಆಲಿಸಿ, ಅಗತ್ಯವಿದ್ದಷ್ಟು ಮಾತ್ರ ವಿದ್ಯುತ್ ನೀಡುವ ಮಾದರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿದೆ.

ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಸಂಶೋಧಕರು ಇಂತಹ ತಂತಿ ಹಾಕಿಸಿಕೊಂಡಿದ್ದ 13 ರೋಗಿಗಳಿಗೆ ಒಮ್ಮೆ ನಡೆಯಲು, ಒಮ್ಮೆ ಸೈಕಲ್ ತುಳಿಯಲು ಹೇಳಿ, ಆಳದ ಅಲೆಗಳನ್ನು ದಾಖಲಿಸಿದರು. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ನಡೆಯುವಾಗ ತಗ್ಗುವುದಕ್ಕಿಂತ ಹೆಚ್ಚಾಗಿ ಸೈಕಲ್ ತುಳಿಯುವಾಗ ಬೀಟಾ ತಗ್ಗುತ್ತದೆ. ಹೆಜ್ಜೆ ಹೆಪ್ಪುಗಟ್ಟುವ ತೊಂದರೆ ಇದ್ದವರಲ್ಲಿ ಇನ್ನೊಂದು ವಿಶೇಷ ಕಂಡಿತು. ಚಲಿಸುವಾಗ ಸೆಕೆಂಡಿಗೆ ಸುಮಾರು 18 ಬಾರಿಯ ಆಸುಪಾಸಿನ ಕಿರಿದಾದ ಅಲೆಯೊಂದು ತಗ್ಗುವ ಬದಲು ಏರುತ್ತಿತ್ತು. ಹೆಜ್ಜೆ ಹೆಪ್ಪುಗಟ್ಟದ ಹೊತ್ತಿನಲ್ಲೂ ಅದು ಇತ್ತು. ಅಂದರೆ ಕಾಲು ಅದೇ ಆದರೂ ಮಿದುಳಿನ ಪಾಲಿಗೆ ನಡಿಗೆ ಬೇರೆ, ಸೈಕಲ್ ಬೇರೆ.

ಬ್ರೇಕ್ ಸೈಕಲ್ ಮೇಲೆ ಏಕೆ ಹೆಚ್ಚು ಸಡಿಲಗೊಳ್ಳುತ್ತದೆ? ಒಂದು ಪೆಡಲ್ ಕೆಳಗಿಳಿದರೆ ಇನ್ನೊಂದು ಕಾಲನ್ನು ತಾನಾಗಿ ಮೇಲೆತ್ತುತ್ತದೆ. ಹೊರಗಿನಿಂದ ಬರುವ ಈ ಲಯ, ಒಳಗೆ ಕಳೆದುಹೋದ ಲಯದ ಜಾಗವನ್ನು ತುಂಬುತ್ತಿರಬಹುದು ಎಂಬುದು ಒಂದು ಊಹೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ, ತಾಳ ಹಾಕಿದರೆ ಕೆಲವು ರೋಗಿಗಳು ಹೆಜ್ಜೆ ಎತ್ತುವುದನ್ನು ಭೌತಚಿಕಿತ್ಸಕರು ಬಹುಕಾಲದಿಂದ ಬಲ್ಲರು. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ಹೊಣೆ ಸೈಕಲ್‌ನಲ್ಲಿ ಇಲ್ಲ ಎಂಬುದು ಮತ್ತೊಂದು ವಿವರಣೆ. ಎರಡೂ ನಿಜವಾಗಿರಬಹುದು.

ಹಾಗೆಂದು ರೋಗಿಗಳು ಸೈಕಲ್ ಏರಿ ರಸ್ತೆಗಿಳಿಯುವುದು ಖಂಡಿತ ಸಲ್ಲದು. ನಮ್ಮ ಊರುಗಳ ವಾಹನ ದಟ್ಟಣೆಯಲ್ಲಂತೂ ಇಳಿಯುವಾಗ ಕಾಲು ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ನೈಮೇಗನ್‌ನ ತಂಡ ಮುಂದೆ ಆರಿಸಿಕೊಂಡದ್ದು ಮನೆಯಲ್ಲೇ ನಿಲ್ಲಿಸಿದ ವ್ಯಾಯಾಮದ ಸೈಕಲ್ಲನ್ನು. ಕಾಯಿಲೆ ಇನ್ನೂ ಸೌಮ್ಯವಾಗಿದ್ದ 130 ಮಂದಿಯಲ್ಲಿ ಒಂದು ಗುಂಪಿಗೆ ವಾರಕ್ಕೆ ಮೂರು ಬಾರಿ ಸೈಕಲ್, ಇನ್ನೊಂದು ಗುಂಪಿಗೆ ಮೈ ಸಡಿಲಿಸುವ ವ್ಯಾಯಾಮ. ಆರು ತಿಂಗಳ ನಂತರ ಔಷಧದ ಪ್ರಭಾವವಿಲ್ಲದ ಹೊತ್ತಿನಲ್ಲಿ ಅಳೆದಾಗ, ಚಲನೆಯ ತೊಂದರೆಯ ಅಳತೆಗೋಲಿನಲ್ಲಿ ಸೈಕಲ್ ಗುಂಪು 4.2 ಅಂಕಗಳಷ್ಟು ಉತ್ತಮವಾಗಿತ್ತು. 2019ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಭಾಗವಹಿಸಿದವರು ತಮ್ಮ ಕಾಲ ಮೇಲೆ ತಾವೇ ನಡೆಯಬಲ್ಲವರು. 2010ರ ಆ 58ರ ವ್ಯಕ್ತಿಯಷ್ಟು ಮುಂದುವರಿದ ಕಾಯಿಲೆಯವರಿಗೆ ಇದೇ ಫಲ ದೊರೆಯುತ್ತದೆಂದು ಈ ಪರೀಕ್ಷೆ ಹೇಳುವುದಿಲ್ಲ.